ಪಾಪಿ ಹೂ ಸಿಗದಿದ್ದರೆ ಚೆಂಡು ಹೂ ಇಡಿ

ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಮೈಸೂರಿನ ಸೈನಿಕರ ನೆನಪಿಗೆ ಮನೆಯಲ್ಲೇ ಒಂದು ಸ್ಟಿಲ್ ಲೈಫ್ (ವಸ್ತುಗಳನ್ನು ಜೋಡಿಸಿಟ್ಟು ತೆಗೆಯುವ) ಫೋಟೋ ತೆಗೆಯಬೇಕು, ಕೆಂಪು ಪಾಪಿ ಹೂ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ನಾನೂ ಅಲ್ಲಿಂದಲೇ ಶುರು ಮಾಡಿದ್ದು. ಬಟ್ಟೆಯ ಪಾಪಿ ತರಿಸಿದೆ. ಫೋಟೋ ನೋಡಿದರೆ ಬರ್ತ್‌ಡೇ ಡೆಕೊರೇಷನ್ ಥರ ಇತ್ತು.

ಪಾಪಿ ಅಂದರೆ ಬೆಲ್ಜಿಯಂ, ಫ್ರಾನ್ಸ್ ಕಡೆಯ ಹೊಲದ ಕಳೆ. ಬೀಜ ಮಣ್ಣಿನಡಿ ವರ್ಷಗಟ್ಟಲೆ ಸುಮ್ನೆ ಬಿದ್ದಿರುತ್ತದೆ, ಮಣ್ಣು ಕೆದರಿ ಬೆಳಕು ತಾಗಿದರೆ ಮೊಳೆಯುತ್ತದೆ. ಫಿರಂಗಿ ಗುಂಡು ಬಿದ್ದು, ಕಂದಕ ತೋಡಿ, ಗೋರಿ ಅಗೆದು ನೆಲವೆಲ್ಲ ತಲೆಕೆಳಗಾದಾಗ ಎಲ್ಲಿ ನೋಡಿದರೂ ಅದೇ ಹೂ. 1915ರಲ್ಲಿ ಕೆನಡಾದ ಸೇನಾ ವೈದ್ಯ ಜಾನ್ ಮೆಕ್ರೇ ಅದನ್ನು ಪದ್ಯಕ್ಕೆ ತಂದ, 1921ರಿಂದ ಬ್ರಿಟನ್ನಿನ ಜನ ಪ್ರತಿ ನವೆಂಬರ್‌ನಲ್ಲಿ ಯುದ್ಧದಲ್ಲಿ ಸತ್ತವರ ನೆನಪಿಗೆ ಅದನ್ನು ಎದೆಗೆ ಸಿಕ್ಕಿಸಿಕೊಳ್ಳತೊಡಗಿದರು. (ನಮ್ಮ ಪಾಯಸದ ಗಸಗಸೆ ಇದರ ದಾಯಾದಿ, ಇದೇ ಗಿಡ ಅಲ್ಲ. ಅದನ್ನು ಲೈಸೆನ್ಸ್ ಇಲ್ಲದೆ ಕುಂಡದಲ್ಲಿ ಬೆಳೆಯೋಕೆ ಹೋಗಬೇಡಿ ಮತ್ತೆ!)

ಆದರೆ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಕುದುರೆ ಏರಿ ನುಗ್ಗಿದ್ದು ಈಗಿನ ಇಸ್ರೇಲಿನ ಹೈಫಾದಲ್ಲಿ. ಅವರಿಗೆ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್ ಹೊಲದ ಹೂ ಯಾಕೆ, ಅಲ್ವಾ? ಯುದ್ಧದ ನೂರನೇ ವರ್ಷದ ಹೊತ್ತಿಗೆ ಭಾರತೀಯ ಸೈನಿಕರ ನೆನಪಿಗೆ ಪಾಪಿ ಪಕ್ಕದಲ್ಲಿ ಚೆಂಡು ಹೂವನ್ನೂ ಬಳಸತೊಡಗಿದ್ದರು. ನಾನೂ ಅದನ್ನೇ ಹಿಡಿದೆ. ಕುದುರೆಯ ಗುರುತಿಗೆ ಗುಜರಿಯಿಂದ ಒಂದು ಹಳೇ ಲಾಳ ತಂದೆ.

ಮೊದಲ ಫೋಟೋ ನೋಡಿ ಮನೆಯವರು "ಆಯುಧಪೂಜೆ ಇಷ್ಟು ಬೇಗ ಬಂತಾ?" ಅಂದರು. ತಪ್ಪಲ್ಲ. ಕಬ್ಬಿಣದ ಮೇಲೆ ಹೊಚ್ಚಹೊಸ ಚೆಂಡು ಹೂ ಕಂಡರೆ ನಮ್ಮವರಿಗೆ ಇನ್ನೇನು ನೆನಪಾಗಬೇಕು? ಹಾಗಾಗಿ ಹಾರ ಬೇಡ, ಹಿತ್ತಾಳೆ ತಟ್ಟೆ ಬೇಡ. ತೊಟ್ಟು ಸಮೇತ ಒಂದೇ ಹೂ ತಗೊಳ್ಳಿ, ಲಾಳದಿಂದ ಸ್ವಲ್ಪ ದೂರ ಮಲಗಿಸಿ, ಎರಡು ಮೂರು ದಿನ ಬಿಡಿ. ಎಸಳಿನ ಅಂಚು ಕಂದಿ, ಸುರುಟಿ, ಲಾಳದ ತುಕ್ಕಿನ ಬಣ್ಣಕ್ಕೇ ತಿರುಗುತ್ತದೆ. ನನಗೆ ಬೇಕಾಗಿದ್ದ ಫೋಟೋ ಸಿಕ್ಕಿದ್ದು ಮೂರನೇ ದಿನ, ಬೆಳಿಗ್ಗೆ, ಒಂದೇ ಕಿಟಕಿಯ ಬೆಳಕಲ್ಲಿ.

ಇನ್ನೊಂದು ವಿಷಯ. ಕೇಸರಿ ಬಣ್ಣಕ್ಕೆ ಕ್ಯಾಮೆರಾದ ಕೆಂಪು ಚಾನೆಲ್ (ಕೆಂಪು ಬಣ್ಣವನ್ನು ದಾಖಲಿಸುವ ಭಾಗ) ಬೇಗ ತುಂಬಿ, ಎಸಳಿನ ಗೆರೆಗಳೆಲ್ಲ ಅಳಿಸಿ ಹೂ ಬಣ್ಣದ ಮುದ್ದೆಯಾಗುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್ (ಅಂದರೆ ಬೆಳಕನ್ನು ಅರ್ಧಕ್ಕೆ) ಇಳಿಸಿ, ಹಿಸ್ಟೋಗ್ರಾಂನಲ್ಲಿ (ಕ್ಯಾಮೆರಾ ತೋರಿಸುವ ಬೆಳಕಿನ ಗ್ರಾಫ್‌ನಲ್ಲಿ) ಕೆಂಪನ್ನು ಬೇರೆಯಾಗಿ ನೋಡಿ. ಆಟಿಕೆ ಬಂದೂಕು, ಬಾಡಿಗೆ ಪದಕ ಮಾತ್ರ ದಯವಿಟ್ಟು ಇಡಬೇಡಿ.