ಕರೆ ಬಾರದ ದಿನಗಳಲ್ಲಿ ಅಗ್ನಿಶಾಮಕ ಠಾಣೆಯವರು ಏನು ಮಾಡುತ್ತಾರೆ?

ನಮ್ಮ ತಾಲ್ಲೂಕಿನ ಅಗ್ನಿಶಾಮಕ ಠಾಣೆಯಲ್ಲಿ ಕೆಂಪು ವಾಹನ ಯಾವಾಗ ನೋಡಿದರೂ ನಿಂತೇ ಇರುತ್ತದೆ, ಬೆಂಕಿ ಬಿದ್ದಾಗ ಬರುವುದನ್ನು ಬಿಟ್ಟರೆ ಜನರ ಸುರಕ್ಷತೆಗೆ ಆ ಸಿಬ್ಬಂದಿ ಮಾಡುವುದೇನು ಎಂದು ನೀವು ಕೇಳಿದ್ದೀರಿ. ಬಯಲುಸೀಮೆಯ ಎರಡು ತಾಲ್ಲೂಕುಗಳಲ್ಲಿ ಠಾಣಾಧಿಕಾರಿಯಾಗಿದ್ದು ಈಗ ನಿವೃತ್ತನಾಗಿರುವ ನಾನು, ಕಂಡು ಮಾಡಿದ್ದನ್ನಷ್ಟೇ ಬರೆಯುತ್ತೇನೆ.

ವಾಹನ ನಿಂತಿರುವುದು ನಿಜ, ಆದರೆ ಅದು ನೀರು ತುಂಬಿಕೊಂಡು ನಿಂತಿರುತ್ತದೆ. ಸಾಮಾನ್ಯ ಜಲವಾಹನದ ಟ್ಯಾಂಕಿನಲ್ಲಿ ಹಿಡಿಸುವುದು ಸುಮಾರು 4500 ಲೀಟರ್. ಒಂದು ಬ್ರಾಂಚಿನಿಂದ, ಅಂದರೆ ಕೊಳವೆಯ ತುದಿಯಲ್ಲಿ ನೀರು ಚಿಮ್ಮಿಸುವ ನಳಿಕೆಯಿಂದ, ನಿಮಿಷಕ್ಕೆ 450 ಲೀಟರ್ ಬಿಟ್ಟರೆ ಹತ್ತು ನಿಮಿಷ, ಎರಡು ಬ್ರಾಂಚುಗಳನ್ನು ಬಿಟ್ಟರೆ ಐದೇ ನಿಮಿಷ. ಆಮೇಲೆ ನೀರು ಎಲ್ಲಿಂದ ಬರಬೇಕು ಎಂಬುದೇ ಹಳ್ಳಿಗಾಡಿನ ಠಾಣೆಯ ನಿಜವಾದ ಚಿಂತೆ. ನಗರಗಳಲ್ಲೂ ಎಲ್ಲೆಡೆ ಸಿಗದ ಹೈಡ್ರಂಟನ್ನು, ಅಂದರೆ ವಾಹನಕ್ಕೆ ನೀರು ತುಂಬಿಸಿಕೊಳ್ಳುವ ರಸ್ತೆಬದಿಯ ನಲ್ಲಿಯನ್ನು, ಹಳ್ಳಿಯಲ್ಲಿ ಹುಡುಕುವುದು ವ್ಯರ್ಥ. ಆದ್ದರಿಂದ ಸಂಕ್ರಾಂತಿ ಕಳೆದ ಮೇಲೆ, ಬೇಸಿಗೆ ಬಲಿಯುವ ಮುನ್ನ, ನಾವು ತಾಲ್ಲೂಕಿನ ಕೆರೆ, ಬಾವಿ, ಕೃಷಿಹೊಂಡಗಳನ್ನು ಸುತ್ತಿ ನೋಡಿ ಬರುತ್ತಿದ್ದೆವು. ನೀರಿದೆ ಎಂದರೆ ಸಾಲದು. ವಾಹನ ಅದರ ಹತ್ತಿರಕ್ಕೆ ಹೋಗಬೇಕು, ನೀರಿನ ಮಟ್ಟವೂ ಹೆಚ್ಚು ಆಳದಲ್ಲಿ ಇರಬಾರದು. ಪಂಪು ನೀರನ್ನು ಎಳೆಯುತ್ತದೆ ಎನ್ನುವುದು ಮಾತಿಗಷ್ಟೇ. ವಾಸ್ತವದಲ್ಲಿ ಅದು ಕೊಳವೆಯೊಳಗಿನ ಗಾಳಿಯನ್ನು ತೆಗೆಯುತ್ತದೆ, ಹೊರಗಿನ ವಾಯುಭಾರ ನೀರನ್ನು ಮೇಲಕ್ಕೆ ತಳ್ಳುತ್ತದೆ. ಹೀಗೆ ಏರಬಲ್ಲ ಎತ್ತರ ಲೆಕ್ಕದಲ್ಲಿ ಸುಮಾರು 10 ಮೀಟರ್ ಆದರೂ ಕೆಲಸಕ್ಕೆ ಸಿಗುವುದು 7 ಮೀಟರಿನಷ್ಟು ಮಾತ್ರ. ಅರವತ್ತು ಅಡಿ ಆಳದಲ್ಲಿ ನೀರು ಮಿನುಗುವ ಬಾವಿಯನ್ನು ತೋರಿಸಿ, ಇಷ್ಟು ನೀರಿದ್ದರೂ ಏಕೆ ಎತ್ತುತ್ತಿಲ್ಲ ಎಂದು ಊರಿನವರು ನಮ್ಮ ಮೇಲೆ ಸಿಟ್ಟಾದದ್ದುಂಟು. ಅವರ ಸಿಟ್ಟು ನನಗೆ ಅರ್ಥವಾಗುತ್ತಿತ್ತು, ಆದರೆ ಆ ಹೊತ್ತಿನಲ್ಲಿ ವಾಯುಭಾರದ ಪಾಠ ಹೇಳುವುದಾದರೂ ಹೇಗೆ?

ಬೇಸಿಗೆಯ ಕರೆಗಳಲ್ಲಿ ನಮಗೆ ಹೆಚ್ಚಾಗಿ ಬರುತ್ತಿದ್ದದ್ದು ಹುಲ್ಲಿನ ಬಣವೆಗಳದ್ದು. ಹೊತ್ತಿಕೊಂಡ ಬಣವೆಯ ಮೇಲೆ ಎಷ್ಟು ನೀರು ಸುರಿದರೂ ಅದು ಹೊರಮೈಯಲ್ಲೇ ಜಾರಿ ಹೋಗುತ್ತದೆ, ಒಳಗೆ ಕೆಂಡ ಹಾಗೆಯೇ ಉಳಿಯುತ್ತದೆ. ಜೆಸಿಬಿಯಿಂದ ಎಳೆದು ಹರಡಿ ಆರಿಸಬೇಕು, ಅದಕ್ಕೂ ಮೊದಲು ಪಕ್ಕದ ಬಣವೆಯನ್ನು ನೆನೆಸಿ ಉಳಿಸಿಕೊಳ್ಳಬೇಕು. ಹಾಗಾಗಿ ಸುಗ್ಗಿಯ ಸಮಯದಲ್ಲಿ ಊರೂರಿಗೆ ಹೋಗಿ, ವಿದ್ಯುತ್ ತಂತಿಯ ಕೆಳಗೆ ಬಣವೆ ಒಟ್ಟಬೇಡಿ, ಎರಡು ಬಣವೆಗಳ ನಡುವೆ ಜಾಗ ಬಿಡಿ, ರಸ್ತೆಯ ಮೇಲೆ ಒಕ್ಕಣೆ ಮಾಡಬೇಡಿ ಎಂದು ಹೇಳುತ್ತಿದ್ದೆವು. ರಸ್ತೆಗೆ ಹರಡಿದ ಹುಲ್ಲು ಕಾರಿನ ಅಡಿಯಲ್ಲಿ ಸುತ್ತಿಕೊಂಡು, ಬಿಸಿಯಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುತ್ತದೆ ಎಂಬುದನ್ನು ಎಷ್ಟೋ ಜನ ನಂಬುತ್ತಲೇ ಇರಲಿಲ್ಲ.

ನಗರಗಳಲ್ಲಿ ಕೆಲಸದ ಸ್ವರೂಪವೇ ಬೇರೆ. ಅಲ್ಲಿ ಎತ್ತರದ ಕಟ್ಟಡಗಳ ನಕ್ಷೆ, ಮೆಟ್ಟಿಲು, ನೀರಿನ ಸಂಗ್ರಹ ಮತ್ತು ಪಂಪುಗಳನ್ನು ಪರಿಶೀಲಿಸಿ ಇಲಾಖೆ ನಿರಾಕ್ಷೇಪಣಾ ಪತ್ರ ನೀಡುತ್ತದೆ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರುವರಿ 23ರಂದು ಬೆಂಕಿ ಬಿದ್ದು ಒಂಬತ್ತು ಮಂದಿ ಸತ್ತರು. ಅಲ್ಲಿ ಜನರನ್ನು ಸಾವಿನತ್ತ ದೂಡಿದ್ದು ಜ್ವಾಲೆಗಿಂತ ಹೆಚ್ಚಾಗಿ ಮೇಲಿನ ಮಹಡಿಗಳನ್ನು ತುಂಬಿದ ಹೊಗೆ. ಉಸಿರುಗಟ್ಟಿ ಕೆಲವರು ಕಿಟಕಿಯಿಂದ ಕೆಳಕ್ಕೆ ಹಾರಿದ್ದರು. ಪರಿಶೀಲನೆಯ ದಿನ ಖಾಲಿಯಾಗಿರುವ ಮೆಟ್ಟಿಲು ಮರುವಾರ ರಟ್ಟಿನ ಪೆಟ್ಟಿಗೆಗಳಿಂದ ತುಂಬಿ, ತುರ್ತು ನಿರ್ಗಮನದ ಬಾಗಿಲಿಗೆ ಕಳ್ಳರ ಭಯದಿಂದ ಬೀಗ ಬೀಳುವುದನ್ನು ನಾನೇ ಕಂಡಿದ್ದೇನೆ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ: ಸಹಿ ಬಿದ್ದ ಕಾಗದಕ್ಕಿಂತ, ಹೇಳದೆ ಕೇಳದೆ ಹೋಗಿ ಬಾಗಿಲು ತಳ್ಳಿ ನೋಡುವ ಒಬ್ಬ ಅಧಿಕಾರಿಯಿಂದ ಹೆಚ್ಚು ಜೀವಗಳು ಉಳಿಯುತ್ತವೆ.

ಇವುಗಳ ನಡುವೆ ಬಾವಿಗೆ ಬಿದ್ದ ಹಸುವನ್ನು ಎತ್ತುವುದು, ಪ್ರವಾಹದಲ್ಲಿ ದೋಣಿ ಒಯ್ಯುವುದು, ಅಪಘಾತದಲ್ಲಿ ನುಜ್ಜಾದ ವಾಹನವನ್ನು ಕತ್ತರಿಸಿ ಜನರನ್ನು ಹೊರತೆಗೆಯುವುದೆಲ್ಲ ಇದ್ದೇ ಇರುತ್ತವೆ.

ನಿಮ್ಮಿಂದ ಆಗಬೇಕಾದದ್ದೂ ಸ್ವಲ್ಪ ಇದೆ. 101 ಅಥವಾ 112ಕ್ಕೆ ಕರೆ ಮಾಡಿದಾಗ ಬೆಂಕಿ ಬಿದ್ದಿದೆ, ಬೇಗ ಬನ್ನಿ ಎಂದಷ್ಟೇ ಕೂಗಿ ಫೋನ್ ಇಡಬೇಡಿ. ಒಂದೇ ಹೆಸರಿನ ಮೂರು ಹಳ್ಳಿಗಳು ಒಂದೇ ತಾಲ್ಲೂಕಿನಲ್ಲಿರುತ್ತವೆ. ಹೋಬಳಿ, ಹತ್ತಿರದ ಗುರುತು, ಉರಿಯುತ್ತಿರುವುದು ಏನು, ಒಳಗೆ ಯಾರಾದರೂ ಇದ್ದಾರೆಯೇ ಎಂಬುದನ್ನು ಹೇಳಿ, ಒಬ್ಬರನ್ನು ಮುಖ್ಯರಸ್ತೆಯ ತಿರುವಿನಲ್ಲಿ ನಿಲ್ಲಿಸಿ.

1944ರ ಏಪ್ರಿಲ್ 14ರಂದು ಮುಂಬೈ ಬಂದರಿನ ಹಡಗಿನ ಸ್ಫೋಟದಲ್ಲಿ ಮಡಿದ 66 ಅಗ್ನಿಶಾಮಕ ಸಿಬ್ಬಂದಿಯ ನೆನಪಿಗಾಗಿ ಪ್ರತಿವರ್ಷ ಆ ದಿನದಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆ ವಾರದಲ್ಲಿ ಶಾಲೆಗಳಿಗೆ ರಜೆ ಬಂದುಬಿಟ್ಟಿರುತ್ತದೆ ಎಂಬುದು ನಮ್ಮ ಹಳೆಯ ಬೇಸರ. ಆದ್ದರಿಂದ ಅದಕ್ಕಾಗಿ ಕಾಯಬೇಡಿ: ನಿಮ್ಮೂರಿನ ಶಾಲೆಯ ಹೆಸರಿನಲ್ಲಿ ಠಾಣಾಧಿಕಾರಿಗೆ ಒಂದು ಅರ್ಜಿ ಬರೆದರೆ, ನೀವು ನಿಂತೇ ಇರುತ್ತದೆ ಎಂದ ಅದೇ ವಾಹನದೊಂದಿಗೆ ಬಂದು ಅಣಕು ಪ್ರದರ್ಶನ ಮಾಡಿ ತೋರಿಸುತ್ತಾರೆ.