ಕೊಯ್ಯುವ ಮೊದಲೇ ಗುರುತಿಸಬಹುದಿತ್ತೇ?

ಸಾಗರದ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ತಂದೆಯವರಿಗೆ 58 ವರ್ಷ. ಹೊಟ್ಟೆನೋವೆಂದು ಸ್ಕ್ಯಾನ್ ಮಾಡಿಸಿದಾಗ ಮೇದೋಜೀರಕ ಗ್ರಂಥಿಯ ಬಾಲದ ಭಾಗದಲ್ಲಿ 4 ಸೆಂಟಿಮೀಟರಿನ ಸಿಸ್ಟ್ (ದ್ರವ ತುಂಬಿದ ಚೀಲ) ಕಂಡಿತು. ರಕ್ತದಲ್ಲಿ ಸಿಎ 19-9 (ಕ್ಯಾನ್ಸರ್ ಸೂಚಕವೆಂದು ಅಳೆಯುವ ವಸ್ತು) ಹೆಚ್ಚಿತ್ತು. ಕ್ಯಾನ್ಸರ್ ಇರಬಹುದೆಂದು ಆ ಭಾಗವನ್ನೂ ಗುಲ್ಮವನ್ನೂ (ಸೋಂಕಿನ ವಿರುದ್ಧ ನೆರವಾಗುವ ಸ್ಪ್ಲೀನ್) ತೆಗೆದರು. ಬಯಾಪ್ಸಿ ವರದಿಯಲ್ಲಿ ಲಿಂಫೋಎಪಿಥೀಲಿಯಲ್ ಸಿಸ್ಟ್, ಕ್ಯಾನ್ಸರ್ ಅಲ್ಲ ಎಂದಿದೆ. ನಾವು ಮೋಸ ಹೋದೆವೇ?’

‘ಮೋಸ’ ಎಂಬ ಮಾತನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ಈ ಗ್ರಂಥಿಯ ಕ್ಯಾನ್ಸರ್ ಎಷ್ಟು ಕ್ರೂರವೆಂದು ಬಲ್ಲ ಶಸ್ತ್ರವೈದ್ಯರು ಅನುಮಾನ ಬಂದೊಡನೆ ಕತ್ತರಿ ಹಿಡಿಯುವುದು ಅರ್ಥವಾಗುವಂಥದ್ದೇ. ಆದರೆ ವರದಿಯ ಪ್ರತಿಯನ್ನೂ ಲಗತ್ತಿಸಿ, ಅದರ ಒಂದೊಂದು ಪದಕ್ಕೂ ಅರ್ಥ ಕೇಳಿದ್ದೀರಲ್ಲ, ಅಂಥ ಓದುಗರು ಅಪರೂಪ. ಮೊದಲೇ ತಿಳಿಯಬಹುದಿತ್ತೇ ಎಂಬ ನಿಮ್ಮ ಕೊರಗು ನ್ಯಾಯವಾದದ್ದು.

1985ರಲ್ಲಿ ಜರ್ಮನಿಯ ವೈದ್ಯರು ಮೊದಲು ವರ್ಣಿಸಿದ ಈ ಸಿಸ್ಟ್ ಹೆಚ್ಚಾಗಿ ನಡುವಯಸ್ಸು ದಾಟಿದ ಗಂಡಸರಲ್ಲಿ ಕಾಣಿಸುತ್ತದೆ. ಒಳಗೋಡೆ ಚರ್ಮದ ಮೇಲ್ಪದರವನ್ನು ಹೋಲುತ್ತದೆ, ಸುತ್ತ ದುಗ್ಧ (ಲಿಂಫ್) ಅಂಗಾಂಶವಿರುತ್ತದೆ, ಒಳಗೆ ಚರ್ಮ, ಉಗುರುಗಳಲ್ಲಿರುವ ಕೆರಾಟಿನ್‌ನ ಚಕ್ಕೆಗಳು ತುಂಬಿರುತ್ತವೆ. ಇದು ನಿರುಪದ್ರವಿಯಾಗಿದ್ದರೂ ರಕ್ತದ ಸಿಎ 19-9 ಅನ್ನು ಏರಿಸಬಲ್ಲದು. ಸಿಸ್ಟಿನ ದ್ರವದಲ್ಲಿ ಸಿಇಎ ಎಂಬ ಪ್ರೋಟೀನ್ ಮಿಲಿಲೀಟರಿಗೆ 192 ನ್ಯಾನೋಗ್ರಾಂ ಮೀರಿದರೆ ಅದು ಲೋಳೆ ಸ್ರವಿಸುವ, ಮುಂದೆ ಕ್ಯಾನ್ಸರ್ ಆಗಬಹುದಾದ ಬಗೆಯೆಂದು 2004ರ ಅಧ್ಯಯನವೊಂದರಿಂದೀಚೆಗೆ ಅನುಮಾನಿಸುತ್ತಾರೆ; ಆ ಗೆರೆಯನ್ನೂ ಇದು ದಾಟಬಹುದು. ಅಂಕಿಗಳು ಹೀಗೆ ದಾರಿ ತಪ್ಪಿಸುವಲ್ಲಿ ನೆರವಾಗುವುದು ಕಣ್ಣು. ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಬಾಯಿಯಿಂದ ನಳಿಕೆ ಇಳಿಸಿ ಮಾಡುವ ಸ್ಕ್ಯಾನ್) ಮೂಲಕ ಸೂಜಿಯಿಂದ ತೆಗೆದ ಹನಿಯಲ್ಲಿ ಕೆರಾಟಿನ್ ಚಕ್ಕೆ, ದುಗ್ಧಕಣಗಳು, ಕೆಲವೊಮ್ಮೆ ಕೊಲೆಸ್ಟ್ರಾಲ್ ಹರಳುಗಳು ಕಂಡರೆ, ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಗುರುತಿಸುವ ನುರಿತ ಪೆಥಾಲಜಿಸ್ಟ್ ಈ ಸಿಸ್ಟನ್ನು ಗುರುತಿಸಬಲ್ಲರು.

ನಿಮ್ಮ ತಂದೆಯವರದು ಒಂಟಿ ಕಥೆಯಲ್ಲ. ಸೀರಸ್ ಸಿಸ್ಟ್ ಎಂಬ ಇನ್ನೊಂದು ನಿರುಪದ್ರವಿ ಬಗೆಯ 2,622 ರೋಗಿಗಳ ಅಂತರರಾಷ್ಟ್ರೀಯ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 61ರಷ್ಟು ಮಂದಿಗೆ ಶಸ್ತ್ರಕ್ರಿಯೆಯಾಗಿತ್ತು, ಅದಕ್ಕೆ ಮುಖ್ಯ ಕಾರಣ ರೋಗನಿರ್ಣಯದ ಅನಿಶ್ಚಿತತೆ. ನನ್ನ ಅತ್ತಿಗೆಗೂ ಇದೇ ಸೀರಸ್ ಸಿಸ್ಟ್ ಇದೆ. ಜೇನುಗೂಡಿನಂಥ ಕಿರುಕೋಣೆಗಳನ್ನೂ ನಡುವಿನ ಸುಣ್ಣಗಟ್ಟಿದ ಕಲೆಯನ್ನೂ ಗುರುತಿಸಿದ ರೇಡಿಯಾಲಜಿಸ್ಟ್ ಒಬ್ಬರು ‘ಕಾಯೋಣ’ ಎಂದರು. ಅತ್ತಿಗೆ ಇಂದಿಗೂ ಕೊಯ್ಯಿಸಿಕೊಳ್ಳದೆ ಆರೋಗ್ಯವಾಗಿದ್ದಾರೆ.

ನನ್ನ ಸಂಕಟವಿರುವುದು ಇಲ್ಲಿಯೇ. ಹೊಸ ಯಂತ್ರ ಬಂದರೆ ರಿಬ್ಬನ್ ಕತ್ತರಿಸಿ ಫೋಟೋ ಹಾಕಿಸುತ್ತೇವೆ. ಗಾಜಿನ ಪಟ್ಟಿಯ ಮೇಲಿನ ಹನಿಯನ್ನು ಗಂಟೆಗಟ್ಟಲೆ ನೋಡುವವರ ಹೆಸರು ವರದಿಯ ಕೊನೆಯ ಸಹಿಯಲ್ಲೇ ಉಳಿದುಬಿಡುತ್ತದೆ. ಅವರನ್ನು ಶಸ್ತ್ರಕ್ರಿಯೆಗೆ ಮೊದಲು ಕೇಳುವ ಪದ್ಧತಿ ಎಲ್ಲ ಕಡೆಯೂ ಬರಬೇಕು.

ಗುಲ್ಮವಿಲ್ಲದ ನಿಮ್ಮ ತಂದೆಯವರಿಗೆ ನ್ಯುಮೋಕಾಕಲ್ ಮೊದಲಾದ ಲಸಿಕೆಗಳು ಆಗಿವೆಯೇ ಎಂದು ವಿಚಾರಿಸಿ, ಜ್ವರ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ, ರಕ್ತದ ಸಕ್ಕರೆಯ ಪ್ರಮಾಣವನ್ನೂ ಆಗಾಗ ಪರೀಕ್ಷೆ ಮಾಡಿಸಿ.