ಕೂಲಿ ಕೆಲಸಾನೋ, ಅಕೌಂಟಿಗೆ ರೊಕ್ಕಾನೋ?

ಪ್ರಶ್ನೆ: ಅಕ್ಕಾರ, ನಮ್ಮೂರಾಗ ಉದ್ಯೋಗ ಖಾತ್ರಿ ಕೆಲಸ ಕೇಳಿದ್ರ ಇವತ್ತು ಬಾ ನಾಳೆ ಬಾ ಅಂತಾರ. ಇದೆಲ್ಲಾ ಬಿಟ್ಟು ಗೃಹಲಕ್ಷ್ಮಿ ಹಂಗ ಎಲ್ಲರಿಗೂ ತಿಂಗಳಾ ರೊಕ್ಕ ಹಾಕಿದ್ರ ಮುಗೀತಲ್ಲ? ನಮ್ಮ ಮಾವ ಅಂತಾರ, ಬಸವಣ್ಣನ ನಾಡಿನಾಗ ಕೂತು ತಿನ್ನೋ ರೊಕ್ಕ ಬ್ಯಾಡ ಅಂತ. ಯಾವ್ದು ಸರಿ?
— ಓದುಗರು, ಶಹಾಪುರ

ಉತ್ತರ: ತಂಗಿ, ಗೃಹಲಕ್ಷ್ಮಿ 2000 ರೂಪಾಯಿ ಮನ್ಯಾಗ ಯಜಮಾನಿ ಒಬ್ಬಾಕಿಗೇ, ಅತ್ತಿ ಹೆಸರಿಗೆ ಬಂದ್ರ ಸೊಸಿಗಿಲ್ಲ, ಇನ್‌ಕಮ್ ಟ್ಯಾಕ್ಸ್ ಕಟ್ಟೋ ಮನಿಗೂ ಇಲ್ಲ. ನೀ ಕೇಳೋ ಎಲ್ಲರಿಗೂ ರೊಕ್ಕ, ಸಾರ್ವತ್ರಿಕ ಮೂಲ ಆದಾಯ ಅಂತಾರಲ್ಲ, ಅದು ಬ್ಯಾರೆ, ತಲಿಗಿಷ್ಟು ಅಂತ, ಅತ್ತಿಗೂ ಸೊಸಿಗೂ ಸಾಹುಕಾರಗೂ, ಷರತ್ತೇ ಇಲ್ಲ.

ಬರೀ ಲೆಕ್ಕ ನೋಡಿದ್ರ ನಿನ್ನ ಮಾತೇ ಮ್ಯಾಲಾಗ್ತದ. ಕೇಂದ್ರದ 2016-17ರ ಆರ್ಥಿಕ ಸಮೀಕ್ಷೆಯಾಗ ಒಬ್ಬರಿಗೆ ವರ್ಷಕ್ಕ 7620 ರೂಪಾಯಿ ಅಂತ ಇತ್ತು, ಐದು ಮಂದಿ ಮನಿಗೆ 38,100 ಆಯ್ತು. ಆ ವರ್ಷ ನಮ್ಮ ಖಾತ್ರಿ ಕೂಲಿ ದಿನಕ್ಕ 224, ನೂರು ದಿನ ಪೂರ್ತಿ ಸಿಕ್ಕ್ರೂ ಮನಿಗೆ 22,400. ಆದ್ರ ಆ 7620 ಈಗಿರೋ ಯೋಜನಾಗಳ ಜೋಡಿ ಕೊಡೋದಲ್ಲ, ಅವುಗಳ ಜಾಗದಾಗ ಕೊಡೋದು ಅನ್ನೋ ವಿಚಾರ. ರೇಷನ್ ಅಕ್ಕಿ ನಿಂತು ರೊಕ್ಕ ಬಂತು ಅನ್ಕೋ, ತೊಗರಿಬ್ಯಾಳಿ ರೇಟ್ ಏರಿದಂಗ ಆ ರೊಕ್ಕ ಏರ್ತದೇನು?

ಕೂತು ತಿಂತಾರ ಅನ್ನೋ ನಿಮ್ಮ ಮಾವನ ಮಾತು ಮಾತ್ರ ನಾ ಒಪ್ಪಂಗಿಲ್ಲ. ಮಧ್ಯಪ್ರದೇಶದ ಹಳ್ಳಿಗಳಾಗ 2011ರ ಸುಮಾರಿಗೆ ‘ಸೇವಾ’ (SEWA) ಅನ್ನೋ ದುಡಿಯೋ ಹೆಣ್ಮಕ್ಕಳ ಸಂಘಟನೆಯೋರು ಯುನಿಸೆಫ್ ನೆರವಿನಾಗ ದೊಡ್ಡೋರಿಗೆ ತಿಂಗಳಿಗೆ 200, ಮಕ್ಕಳಿಗೆ 100 ಕೊಟ್ಟು ನೋಡಿದ್ರು, ಆಮ್ಯಾಲೆ 300, 150 ಮಾಡಿದ್ರು. ಮಂದಿ ದುಡಿಯೋದು ಬಿಡ್ಲಿಲ್ಲ, ಸ್ವಂತ ಹೊಲದಾಗ ಜಾಸ್ತಿ ದುಡದ್ರು.

ಹೋದ ಬ್ಯಾಸಿಗಿಗೆ ಚಿಂಚೋಳಿ ಕಡಿ ಒಂದು ತಾಂಡಾಕ್ಕ ಹೋಗಿದ್ದೆ. ತೊಗರಿ ರಾಶಿ ಮುಗಿದ ಮ್ಯಾಲೆ ಗುಳೆ ಹೋದೋರು, ಸಾಲಾಗಿ ಎಲ್ಲಾ ಮನಿ ಬಾಗಿಲಿಗೆ ಕೀಲಿ. ಒಂದು ಕಟ್ಟಿ ಮ್ಯಾಲೆ ಮುದುಕಿ ಒಬ್ಬಾಕಿ, ಎರಡು ಮೊಮ್ಮಕ್ಕಳನ್ನ ಬಗಲಾಗ ಕೂಡಿಸ್ಕೊಂಡು ಖಾರಬ್ಯಾಳಿಗೆ ರೊಟ್ಟಿ ಮುರದು ಹಾಕ್ತಿದ್ಲು, ಮಗ ಸೊಸಿ ಪುಣೇದಾಗ ಸೆಂಟ್ರಿಂಗ್ ಕೆಲಸಕ್ಕ. ಆ ಮುದುಕಿ ಪುಟ್ಟಿ ಹೊರೋಕಾಗಂಗಿಲ್ಲ, ಆಕಿಗೆ ರೊಕ್ಕಾನೇ ಬೇಕು. ಆದ್ರ ಮಗನ್ನ ಊರಾಗ ನಿಲ್ಲಿಸ್ಬೇಕಂದ್ರ ಜನವರಿಯಾಗ ಕೆರಿ ಹೂಳೆತ್ತೋ ಕೆಲಸಾನೇ ಬೇಕಾಗಿತ್ತು, ಅದು ತಡ ಆದ್ರ ಕೊಟ್ರೂ ಕೊಡದಂಗೇ. ಇನ್ನೊಂದು, ಖಾತ್ರಿ ಕೆಲಸದಾಗ ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೂಲಿ ತಂಗಿ, ನಮ್ಮ ಹೊಲದಾಗ ಅದೆಲ್ಲಿ ನೋಡೀವಿ ನಾವು? ಹಂಗಾಗಿ ನನ್ನ ಕೇಳಿದ್ರ ದುಡಿಯೋ ಮಂದಿಗೆ ಕೆಲಸದ ಹಕ್ಕು ಇರ್ಬೇಕು, ಆಗದೋರಿಗೆ ಕೈ ತುಂಬ ಪಿಂಚಣಿ ಕೊಡ್ಬೇಕು, ಒಂದನ್ನ ತೋರ್ಸಿ ಇನ್ನೊಂದು ಕಸ್ಕೋಬಾರ್ದು.

ಇವತ್ತು ಬಾ ನಾಳೆ ಬಾ ಅಂತ ಓಡಾಡ್ಸೋದು ತಪ್ಪಿಸೋಕ ಒಂದು ದಾರಿ ಅದ. 2005ರ ಉದ್ಯೋಗ ಖಾತ್ರಿ ಕಾನೂನಿನಾಗೇ ಬರದಿದ್ರು (2025ರಾಗ ಅದರ ಜಾಗಕ್ಕ ಹೊಸ ಕಾನೂನು ಮಾಡ್ಯಾರ), ಕೆಲಸ ಕೇಳಿ 15 ದಿನದೊಳಗ ಕೊಡ್ಲಿಲ್ಲಂದ್ರ ನಿರುದ್ಯೋಗ ಭತ್ಯೆ ಕೊಡ್ಬೇಕು, ಮೊದ್ಲ 30 ದಿನ ಕಮ್ಮಿ ಅಂದ್ರೂ ಕೂಲಿಯ ಕಾಲು ಭಾಗ. ಬಾಯಿಲೆ ಕೇಳಿ ಬಂದ್ರ ಕೈಯಾಗ ಪುರಾವೆ ಇರಂಗಿಲ್ಲ. ಕೆಲಸದ ಅರ್ಜಿ ಬರದು ಕೊಟ್ಟು, ತಾರೀಖು ಹಾಕಿದ ರಸೀದಿ ಇಸ್ಕೊಂಡೇ ಪಂಚಾಯ್ತಿ ಮೆಟ್ಲು ಇಳಿ.